ಹತ್ತರಲ್ಲಿ ಒಬ್ಬರು: ಈ ಲೆಕ್ಕ ಬಂದದ್ದು ಹೇಗೆ?

ನಮ್ಮ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ ಎಂಬ ಮಾತನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿ ಅದು. ತಂಬಾಕಿನ ಚಟವನ್ನು ಅದರಲ್ಲಿ ಸೇರಿಸಿಲ್ಲ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಸಂಖ್ಯಾಶಾಸ್ತ್ರ ನನ್ನ ಒಂದು ವಿಷಯ. ಹಾಗಾಗಿ ನನಗೆ ಮೊದಲು ಹೊಳೆದ ಪ್ರಶ್ನೆ ಲೆಕ್ಕದ್ದು. ಜ್ವರಕ್ಕೆ ಥರ್ಮಾಮೀಟರ್ ಇದೆ, ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಮನಸ್ಸಿನ ನೋವನ್ನು ಎಣಿಸುವವರು ಯಾರು? ಅವರಿಗೆ ಎಣಿಸಲು ಕಲಿಸುವವರು ಯಾರು?

ಒಂದು ಸಮಾಜದಲ್ಲಿ ಕಾಯಿಲೆ ಯಾರಿಗೆ, ಎಲ್ಲಿ, ಎಷ್ಟು ಎಂದು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಎಪಿಡೆಮಿಯಾಲಜಿ ಎನ್ನುತ್ತಾರೆ. ಈ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು, 34,802 ವಯಸ್ಕರನ್ನು ಮಾತನಾಡಿಸಲಾಯಿತು. ನಡೆಸಿದ್ದು ನಮ್ಮ ಬೆಂಗಳೂರಿನವರೇ ಆದರೂ ಆ 12ರಲ್ಲಿ ಕರ್ನಾಟಕ ಇಲ್ಲ. ಆದರೆ ಮುಖ್ಯ ಸಮೀಕ್ಷೆಗೆ ಮುಂಚೆ ವಿಧಾನವನ್ನು ಪರೀಕ್ಷಿಸಿ ನೋಡಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಸ್ಯಾಂಪಲಿಂಗ್ ಪಾಠವನ್ನು ಬೇಸರದಿಂದ ಓದುವವರು ಇದನ್ನು ಒಮ್ಮೆ ಯೋಚಿಸಿ.

ಸುಮ್ಮನೆ ಒಂದು ಪ್ರಶ್ನಾವಳಿ ಹಂಚಿ ಅಂಕ ಕೂಡಿಸಿದರೆ ಸಾಲದೇ? ಲೆಕ್ಕ ಹಾಕಿ ನೋಡೋಣ. ಖಿನ್ನತೆಯನ್ನು ಗುರುತಿಸಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. 27ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೆ ಅನುಮಾನ. 2001ರಲ್ಲಿ ಅಮೆರಿಕದಲ್ಲಿ ಅದನ್ನು ಪರೀಕ್ಷಿಸಿದಾಗ, ಕಾಯಿಲೆ ಇದ್ದವರಲ್ಲಿ ಶೇ. 88 ಜನರನ್ನು ಅದು ಸರಿಯಾಗಿ ಹಿಡಿಯಿತು, ಇಲ್ಲದವರಲ್ಲೂ ಶೇ. 88 ಜನರನ್ನು ಸರಿಯಾಗಿ ಬಿಟ್ಟಿತು. ಒಳ್ಳೆಯ ಫಲಿತಾಂಶವೇ. ಈಗ ಒಂದು ಊರಲ್ಲಿ 1,000 ಜನರಿದ್ದು, ನಿಜವಾಗಿ ಖಿನ್ನತೆ ಇರುವವರು 50 ಜನ ಎಂದುಕೊಳ್ಳಿ. 50ರ ಶೇ. 88 ಅಂದರೆ 44. ಉಳಿದ 950 ಜನರ ಶೇ. 12 ಅಂದರೆ 114. ಒಟ್ಟು 158. ಐವತ್ತು ಇದ್ದದ್ದು ವರದಿಯಲ್ಲಿ ಮೂರು ಪಟ್ಟಾಯಿತು! ಅದರ ಜೊತೆಗೆ ನಿಜವಾದ 6 ಜನ ಪಟ್ಟಿಯಿಂದಲೇ ಬಿಟ್ಟುಹೋದರು. ಅದಕ್ಕೇ ನಿಮ್ಹಾನ್ಸ್‌ನವರು ಅಂಕ ಕೂಡಿಸುವ ಪಟ್ಟಿಯನ್ನು ನಂಬಿ ಕೂರದೆ, ಮಿನಿ ಎಂಬ ರೋಗನಿರ್ಣಯದ ಸಂದರ್ಶನವನ್ನು ಬಳಸಿದರು. ಅದನ್ನು ಮಾಡಲು ತರಬೇತಿ ಪಡೆದ ಮನುಷ್ಯರೇ ಬೇಕು.

ತರಬೇತಿಯಲ್ಲಿ ಕಲಿಯುವುದು ಬಹಳ ಸಣ್ಣ ಸಂಗತಿಗಳಂತೆ ಕಾಣುತ್ತವೆ. ಮೊದಲು ಒಪ್ಪಿಗೆ ಕೇಳಬೇಕು. ಪ್ರಶ್ನೆಯನ್ನು ಬರೆದಂತೆಯೇ ಓದಬೇಕು, ಉತ್ತರವನ್ನು ಬಾಯಿಗೆ ಇಡಬಾರದು. ಸೊಸೆಯನ್ನು ಅತ್ತೆಯ ಎದುರು ಪ್ರಶ್ನಿಸಬಾರದು. ಯಾರಾದರೂ ಸಾಯುವ ಮಾತಾಡಿದರೆ ಫಾರ್ಮ್ ಪಕ್ಕಕ್ಕಿಟ್ಟು ಸಹಾಯ ಸಿಗುವಂತೆ ನೋಡಬೇಕು.

ಭಾಷೆ ಇನ್ನೂ ಕಷ್ಟ. ನಮ್ಮ ಮನೆಮಾತು ಉರ್ದು. ಕನ್ನಡದ 'ಬೇಜಾರು' ನಮ್ಮ ಕಡೆಯ 'ಬೇಜಾರ್' ಪದವೇ. ಆದರೆ ಕನ್ನಡದಲ್ಲಿ ಅದು ದುಃಖ, ಬೇಸರ, ಮುನಿಸು ಎಲ್ಲವೂ ಆಗುತ್ತದೆ. ಉರ್ದುವಿನಲ್ಲಿ ಬೇಜಾರ್ ಎಂದರೆ ಜಿಗುಪ್ಸೆ, ಸಾಕಾಗಿಹೋದ ಭಾವ. ಒಂದೇ ಪದವನ್ನು ಎರಡು ಮನೆಗಳಲ್ಲಿ ಕೇಳಿದರೆ ಎರಡು ಬೇರೆ ಪ್ರಶ್ನೆಗಳಾಗುತ್ತವೆ. ಆದ್ದರಿಂದ ಸಂಶೋಧಕರು ಪ್ರಶ್ನಾವಳಿಯನ್ನು ಒಬ್ಬರಿಂದ ಅನುವಾದ ಮಾಡಿಸಿ, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಮೂಲ ಭಾಷೆಗೆ ತಿರುಗಿಸಿ ಹೋಲಿಸುತ್ತಾರೆ. ನಾನಾ ತೀರಿಕೊಂಡ ಮೇಲೆ ನಮ್ಮ ನಾನಿ ಸರಿಯಾಗಿ ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ. ಆದರೂ ಕಳೆದ ವರ್ಷ ಯಾವುದೋ ಸರ್ವೆಗೆ ಬಂದ ಹುಡುಗ ಬಾಗಿಲಲ್ಲೇ ನಿಂತು ಕನ್ನಡದಲ್ಲಿ ಆರೋಗ್ಯ ಹೇಗಿದೆ ಎಂದಾಗ, ಪರದೆಯ ಹಿಂದಿನಿಂದ "ಸಬ್ ಠೀಕ್ ಹೈ" ಎಂದರು. ಆತ ಬರೆದುಕೊಂಡು ಹೋದ. ಯಾವುದೋ ಕೋಷ್ಟಕದಲ್ಲಿ ನಾನಿ ಆರೋಗ್ಯವಂತರು.

ಎಣಿಸಿದ ಮೇಲಿನ ಕೆಲಸ ಸೇವೆಗಳ ಮೌಲ್ಯಮಾಪನ. ಇದು ನಮ್ಮ ಆಡಿಟಿಂಗ್‌ಗೆ ಹತ್ತಿರ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೂ 2015-16ರ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 10.6ಕ್ಕಿಂತ ಈ ಅಂಕಿಯೇ ನನ್ನನ್ನು ಹೆಚ್ಚು ಹೆದರಿಸಿತು.

ಆಸ್ಪತ್ರೆಗೆ ಎಷ್ಟು ಜನ ಬಂದರು ಎಂಬುದು ಅಂಗಡಿಯ ಮಾರಾಟದ ಲೆಕ್ಕ ಮಾತ್ರ, ಲಾಭದ್ದಲ್ಲ. ಜನವರಿಯಲ್ಲಿ ಬಂದ ರೋಗಿ ಮಾರ್ಚ್‌ನಲ್ಲಿ ಬರಲಿಲ್ಲ. ಗುಣವಾಯಿತೇ, ಬಸ್ ಚಾರ್ಜ್ ಇರಲಿಲ್ಲವೇ, ಔಷಧಿ ಮುಗಿದಿತ್ತೇ? ರಿಜಿಸ್ಟರ್ ಹೇಳುವುದಿಲ್ಲ, ಯಾರಾದರೂ ಮನೆಗೆ ಹೋಗಿ ಕೇಳಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೂ ಇದೇ ಪ್ರಶ್ನೆ. (ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪರೀಕ್ಷೆಯ ದಿನಗಳಲ್ಲಿ ನೆನಪಿರಲಿ.) ಎಷ್ಟು ಕರೆ ಬಂದವು ಎಂಬುದರ ಜೊತೆಗೆ ಆಮೇಲೆ ಎಷ್ಟು ಜನ ವೈದ್ಯರನ್ನು ತಲುಪಿದರು ಎಂದೂ ನೋಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ. ಆ ಹಕ್ಕು ಯಾವ ತಾಲ್ಲೂಕಿಗೆ ತಲುಪಿಲ್ಲ ಎಂದು ಸರ್ಕಾರಕ್ಕೆ ತೋರಿಸಲು, ಬಜೆಟ್ ಕೇಳಲು ಇಂಥ ಅಂಕಿಗಳೇ ಆಧಾರ.

ಕಾಮರ್ಸ್‌ನವರಿಗೆ ಇಲ್ಲೇನು ಕೆಲಸ ಎಂದು ನನ್ನ ಗೆಳತಿ ಕೇಳಿದಳು. ಒಬ್ಬ ರೋಗಿ ಗುಣವಾಗಲು ಎಷ್ಟು ಖರ್ಚು, ಚಿಕಿತ್ಸೆ ಕೊಡದಿದ್ದರೆ ಆ ಮನೆಗೆ ಎಷ್ಟು ಕೂಲಿ ನಷ್ಟ ಎಂದು ಲೆಕ್ಕ ಹಾಕುವುದು ಆರೋಗ್ಯ ಅರ್ಥಶಾಸ್ತ್ರ. ನಿಮ್ಹಾನ್ಸ್‌ನಲ್ಲಿ ಎಪಿಡೆಮಿಯಾಲಜಿಗೂ ಬಯೋಸ್ಟಾಟಿಸ್ಟಿಕ್ಸ್‌ಗೂ ಪ್ರತ್ಯೇಕ ವಿಭಾಗಗಳಿವೆ. ಪದವಿಯಲ್ಲೂ ಸಂಖ್ಯಾಶಾಸ್ತ್ರವನ್ನು ಬಿಡದೆ ಓದಬೇಕೆಂದು ನಾನು ನಿರ್ಧರಿಸಿದ್ದೇನೆ. ಪರದೆಯ ಈಚೆಗೆ ಬಂದು ಕುಳಿತು ಉರ್ದುವಿನಲ್ಲೂ ಕನ್ನಡದಲ್ಲೂ ಕೇಳಬಲ್ಲವರು ನಮ್ಮ ತರಗತಿಯಲ್ಲೇ ಅರ್ಧದಷ್ಟಿದ್ದಾರೆ.