ಹೊಸ ಎಸ್‌ಎಸ್‌ಡಿ ಯಾರ ಕಣ್ಣಿಗೆ ಬಿದ್ದಿಲ್ಲ?

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಜೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್, ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಎಷ್ಟೋ ಕೆಲಸ ಸಾಗುವುದು ಹಳೆಯ ಕಂಪ್ಯೂಟರುಗಳ ಮೇಲೆ. ಪಹಣಿ ತೆಗೆಯಲು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು, ನುಡಿ ತಂತ್ರಾಂಶದಲ್ಲಿ ಮದುವೆ ಪತ್ರಿಕೆಯನ್ನೋ ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವದ ಕರಪತ್ರವನ್ನೋ ಜೋಡಿಸಲು ಅವುಗಳ ಶಕ್ತಿ ಸಾಕು. ಸಾಲದಿರುವುದು ಹಾರ್ಡ್ ಡಿಸ್ಕಿನ ವೇಗ. ಅದರ ಜಾಗಕ್ಕೆ ಒಂದು ಎಸ್‌ಎಸ್‌ಡಿ ಬಂದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಚುರುಕಾಗಿ ದುಡಿಯುತ್ತದೆ. ಹಳೆಯ ಕಂಪ್ಯೂಟರಿಗೆ ಮಾಡಬಹುದಾದ ಖರ್ಚುಗಳಲ್ಲಿ ಇದಕ್ಕಿಂತ ಸಾರ್ಥಕವಾದದ್ದನ್ನು ನಾನು ಕಾಣೆ. ತೊಂದರೆ ಶುರುವಾಗುವುದು ಜೋಡಿಸಿದ ಮೇಲೆ. ಸ್ವಿಚ್ ಹಾಕಿ, ವಿಂಡೋಸ್ ತೆರೆದು ನೋಡಿದರೆ ಹೊಸ ಡ್ರೈವ್ ಎಲ್ಲೂ ಇಲ್ಲ. ‘ಡಿಟೆಕ್ಟ್ ಆಗ್ತಿಲ್ಲ, ಪೀಸ್ ಹೋಗಿದೆ’ ಎಂಬ ತೀರ್ಪು ತಕ್ಷಣ ಬೀಳುತ್ತದೆ. ಈ ತೀರ್ಪು ಬಹಳ ಸಲ ತಪ್ಪು ಎಂಬುದೇ ನನ್ನ ವಾದ. ಡ್ರೈವ್ ಕಾಣುತ್ತಿಲ್ಲ ಎನ್ನುವ ಮೊದಲು ಅದು ಬಯೋಸಿಗೆ ಕಾಣುತ್ತಿಲ್ಲವೋ, ವಿಂಡೋಸಿಗೆ ಕಾಣುತ್ತಿಲ್ಲವೋ ಎಂದು ಬೇರ್ಪಡಿಸಿಕೊಳ್ಳಬೇಕು. ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಕಂಪ್ಯೂಟರ್ ಚಾಲೂ ಆದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿರುವ ಬಯೋಸ್. ತನಗೆ ಏನೇನು ಜೋಡಣೆಯಾಗಿದೆ ಎಂದು ಅದು ಪಟ್ಟಿ ಮಾಡಿಕೊಂಡ ಮೇಲೆಯೇ ವಿಂಡೋಸಿನ ಸರದಿ. ಆದ್ದರಿಂದ ಚಾಲೂ ಆಗುವಾಗ ಡಿಲೀಟ್ ಕೀಲಿಯನ್ನೋ ಎಫ್2 ಅನ್ನೋ ಒತ್ತಿ ಬಯೋಸಿನೊಳಗೆ ಹೋಗಿ, ಅಲ್ಲಿ ಎಸ್‌ಎಸ್‌ಡಿಯ ಹೆಸರು ಇದೆಯೇ ಎಂದು ನೋಡುವುದು ಮೊದಲ ಕೆಲಸ. ಇಲ್ಲೊಂದು ಎಚ್ಚರ ಬೇಕು. ಬಹಳಷ್ಟು ಜನ ಬೂಟ್ ಪುಟವೊಂದನ್ನೇ ನೋಡಿ ಹೊರಬರುತ್ತಾರೆ. ಖಾಲಿ ಡ್ರೈವಿನಲ್ಲಿ ವಿಂಡೋಸೇ ಇಲ್ಲದಿರುವಾಗ, ಯುಇಎಫ್‌ಐ ಎಂಬ ಹೊಸ ಬಗೆಯ ಬಯೋಸ್ ಅದನ್ನು ಬೂಟ್ ಪಟ್ಟಿಗೆ ಸೇರಿಸದೆ ಬಿಡಬಹುದು. ನೋಡಬೇಕಾದದ್ದು ಸ್ಟೋರೇಜ್ ಅಥವಾ ಸಾಟಾ ಪುಟವನ್ನು. ಎನ್‌ವಿಎಂಇ ಡ್ರೈವ್ ಆದರೆ ಕೆಲವು ಬೋರ್ಡುಗಳಲ್ಲಿ ಅದಕ್ಕೆ ಬೇರೆಯದೇ ಪುಟ ಇರುತ್ತದೆ.

ಅಲ್ಲಿ ಹೆಸರು ಕಂಡರೆ ಎಸ್‌ಎಸ್‌ಡಿಗೆ ಜೀವವಿದೆ, ಕೇಬಲ್ಲೂ ಕೆಲಸ ಮಾಡುತ್ತಿದೆ. ಇನ್ನು ಉಳಿದದ್ದು ವಿಂಡೋಸಿನ ಕಡೆಯ ಕೆಲಸ. ಕಾರ್ಖಾನೆಯಿಂದ ಬಂದ ಹೊಸ ಡ್ರೈವಿನಲ್ಲಿ ಸಾಮಾನ್ಯವಾಗಿ ಪಾರ್ಟಿಷನ್ ಇರುವುದಿಲ್ಲ, ಹಾಗಾಗಿ ಅದಕ್ಕೆ ಸಿ, ಡಿ ಎಂಬಂಥ ಅಕ್ಷರವೂ ಸಿಕ್ಕಿರುವುದಿಲ್ಲ. ಹೊಲ ಕ್ರಯವಾಗಿದ್ದರೂ ಪಹಣಿಯಲ್ಲಿ ಹೆಸರು ಏರದಂತೆ ಇದು: ಹೊಲ ಇದ್ದಲ್ಲೇ ಇದೆ, ದಾಖಲೆ ಆಗಿಲ್ಲ. ಸ್ಟಾರ್ಟ್ ಬಟನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಆ ಡ್ರೈವ್ ಕಪ್ಪು ಪಟ್ಟಿಯಡಿ ‘ಅನ್‌ಅಲೊಕೇಟೆಡ್’ ಎಂದು ಕಾಣುತ್ತದೆ. ಇನಿಷಿಯಲೈಸ್ ಮಾಡಲು ಕೇಳಿದಾಗ ಜಿಪಿಟಿ ಆರಿಸಿ, ಹೊಸ ವಾಲ್ಯೂಮ್ ಮಾಡಿದರೆ ಮುಗಿಯಿತು. ಬಯೋಸ್ ತೀರಾ ಹಳೆಯ ಕಾಲದ್ದಾಗಿ, ಅದೇ ಡ್ರೈವಿನಿಂದ ವಿಂಡೋಸ್ ಏಳಬೇಕಿದ್ದರೆ ಮಾತ್ರ ಎಂಬಿಆರ್ ಬೇಕಾಗುತ್ತದೆ. ಒತ್ತುವ ಮುನ್ನ ಡಿಸ್ಕಿನ ಅಳತೆಯನ್ನು ಎರಡು ಸಲ ಓದಿಕೊಳ್ಳಿ. ಹಳೆಯ ಡಿಸ್ಕಿನ ಪಾರ್ಟಿಷನ್ ಮೇಲೆ ಫಾರ್ಮ್ಯಾಟ್ ಒತ್ತಿದರೆ ವರ್ಷಗಳ ಕಡತ ಹೋದಂತೆ. 500 ಜಿಬಿಯ ಡ್ರೈವ್ ಇಲ್ಲಿ 465 ಎಂದು ಕಂಡರೆ ಅದು ಮೋಸವಲ್ಲ, ತಯಾರಕರೂ ವಿಂಡೋಸೂ ಬೇರೆ ಬೇರೆ ಲೆಕ್ಕದಲ್ಲಿ ಎಣಿಸುವುದರ ಫಲ.

ಬಯೋಸಿಗೇ ಕಾಣದಿದ್ದರೆ ಸಂಶಯ ತಂತಿ ಮತ್ತು ಸ್ಲಾಟಿನ ಕಡೆ ತಿರುಗಬೇಕು. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಗೆ ಎರಡು ಕೇಬಲ್ ಬೇಕು: ಕಿರಿದಾದ ಏಳು ಪಿನ್ನಿನದು ಮಾಹಿತಿಗೆ, ಅಗಲವಾದ ಹದಿನೈದು ಪಿನ್ನಿನದು ಕರೆಂಟಿಗೆ. ಕಂಪ್ಯೂಟರಿನ ವಿದ್ಯುತ್ ಪೂರ್ತಿ ತೆಗೆದು, ಕೆಲಸ ಮಾಡುತ್ತಿರುವ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ಲುಗಳನ್ನೇ ಹೊಸದಕ್ಕೆ ಚುಚ್ಚಿ ನೋಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಪ್ರಾಮಾಣಿಕ ಪರೀಕ್ಷೆ. ಆಗ ಕಂಡರೆ ದೋಷ ಕೇಬಲ್ಲಿನದೋ ಪೋರ್ಟಿನದೋ ಎಂದು ಖಚಿತವಾಗುತ್ತದೆ. ಎಂ.2 ಎಂಬ ಪಟ್ಟಿಯಂಥ ಎಸ್‌ಎಸ್‌ಡಿಯ ವಿಷಯ ಇನ್ನೂ ಜಟಿಲ, ನಮ್ಮಲ್ಲಿ ಹಣ ಪೋಲಾಗುವುದೂ ಇಲ್ಲೇ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದೇ ಆಕಾರದಲ್ಲಿ ಎರಡು ಜಾತಿಯವು ಬರುತ್ತವೆ: ಒಂದು ಸಾಟಾ ಭಾಷೆಯದು, ಇನ್ನೊಂದು ಪಿಸಿಐ ಎಕ್ಸ್‌ಪ್ರೆಸ್ ಮೇಲೆ ನಡೆಯುವ ಎನ್‌ವಿಎಂಇ. ಸಾಮಾನ್ಯವಾಗಿ ಸಾಟಾದ್ದಕ್ಕೆ ಎರಡು ಕಚ್ಚು, ಎನ್‌ವಿಎಂಇಗೆ ಒಂದು. ಆದರೆ ಸ್ಲಾಟಿನೊಳಗೆ ಸಲೀಸಾಗಿ ಕೂತಿತು ಎಂದ ಮಾತ್ರಕ್ಕೆ ಸ್ಲಾಟಿಗೆ ಅದರ ಭಾಷೆ ಬರುತ್ತದೆ ಎಂದಲ್ಲ. ಕೆಲವು ಬೋರ್ಡುಗಳು ಒಂದನ್ನೇ ಒಪ್ಪುತ್ತವೆ. ಇನ್ನು ಕೆಲವು, ಎಂ.2 ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟುಗಳನ್ನು ಬಂದ್ ಮಾಡುತ್ತವೆ. ಆಗ ಕಾಣೆಯಾಗುವುದು ಹೊಸದಲ್ಲ, ಹಳೆಯ ಡಿಸ್ಕು! ಇದೆಲ್ಲ ಬೋರ್ಡಿನ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಜೊತೆಗೆ, ಎಂ.2 ಡ್ರೈವನ್ನು ಓರೆಯಾಗಿ ತೂರಿಸಿ, ಕೆಳಕ್ಕೆ ಒತ್ತಿ, ಸಣ್ಣ ಸ್ಕ್ರೂ ಬಿಗಿಯಬೇಕು. ಸ್ಕ್ರೂ ಕಳೆದುಹೋಗಿ ತುದಿ ಮೇಲೆದ್ದೇ ಉಳಿದರೆ ಪಿನ್ನುಗಳು ಸರಿಯಾಗಿ ತಾಗದೇ ಹೋಗಬಹುದು.

ಈ ವಿಂಗಡಣೆಗೆ ಹೊರತಾದ ಸಂದರ್ಭಗಳಿಲ್ಲವೇ ಎಂದು ಬಲ್ಲವರು ಕೇಳಬಹುದು. ಇವೆ. ಹಳೆಯ ಬೋರ್ಡಿಗೆ ಅಡಾಪ್ಟರ್ ಕಾರ್ಡಿನ ಮೂಲಕ ಎನ್‌ವಿಎಂಇ ಹಾಕಿದರೆ ಬಯೋಸಿಗೆ ಅದರ ಗುರುತು ಹತ್ತದಿದ್ದರೂ ವಿಂಡೋಸ್ 10 ಅದನ್ನು ಗುರುತಿಸುತ್ತದೆ; ಕಡತ ಇಡಬಹುದು, ಅದರಿಂದ ಬೂಟ್ ಮಾಡಲಾಗದು. ತಿರುವುಮುರುವಿನ ಪ್ರಸಂಗವೂ ಉಂಟು: ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಬಯೋಸ್ ಡ್ರೈವನ್ನು ತೋರಿಸುತ್ತದೆ, ವಿಂಡೋಸ್ ಇನ್‌ಸ್ಟಾಲ್ ಮಾಡುವ ಪರದೆಯಲ್ಲಿ ಮಾತ್ರ ಪಟ್ಟಿ ಖಾಲಿ. ಅಲ್ಲಿ ವಿಎಂಡಿ ಎಂಬ ವ್ಯವಸ್ಥೆ ಅಡ್ಡ ನಿಂತಿರುತ್ತದೆ. ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವಿನಿಂದ ಕೊಟ್ಟರೆ ಡ್ರೈವ್ ಪ್ರತ್ಯಕ್ಷವಾಗುತ್ತದೆ. ಈ ಹೊರತುಗಳೂ ನನ್ನ ಮಾತನ್ನೇ ಗಟ್ಟಿ ಮಾಡುತ್ತವೆ. ಎರಡು ಕಡೆಯ ಉತ್ತರವನ್ನೂ ಪಡೆದವರಿಗಷ್ಟೇ ಇವು ಅರ್ಥವಾಗುತ್ತವೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ವಾಪಸ್ ಕೊಟ್ಟು ಬೇರೆ ತಂದರಾಯಿತು ಎನ್ನುವವರಿದ್ದಾರೆ. ಪೇಟೆ ಪಕ್ಕದಲ್ಲೇ ಇದ್ದರೆ ನಾನೂ ಒಪ್ಪುತ್ತಿದ್ದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿರುವವರು ಹತ್ತು ಹೆಜ್ಜೆ ನಡೆದು ಬದಲಿಸಿಕೊಂಡಾರು. ಕೊಟ್ಟೂರಿನವರು ಹೊಸಪೇಟೆಗೋ ದಾವಣಗೆರೆಗೋ ಹೋಗಿಬರಲು ಒಂದು ದಿನದ ದುಡಿಮೆ ಬಿಡಬೇಕು. ಬದಲಿಸಿ ತಂದ ಪೀಸು ಕೂಡ ಅದೇ ಒಪ್ಪದ ಸ್ಲಾಟಿನಲ್ಲಿ ಕಾಣದೇ ಉಳಿದರೆ? ವಾಪಸ್ ಕೊಡುವ ಅವಧಿ ಮುಗಿದುಹೋಗುತ್ತದೆ ಎಂಬ ಭಯ ನ್ಯಾಯವಾದದ್ದೇ. ಅದಕ್ಕಾಗಿಯೇ ಬಂದ ದಿನವೇ ಪರೀಕ್ಷೆ ಮುಗಿಸಿ ಎನ್ನುತ್ತೇನೆ. ಬೇರೆ ಕೇಬಲ್, ಬೇರೆ ಪೋರ್ಟು, ಕೊನೆಗೆ ಅದೇ ಜಾತಿಯ ಡ್ರೈವನ್ನು ಒಪ್ಪುವ ಬೇರೊಂದು ಕಂಪ್ಯೂಟರಿನಲ್ಲೂ ಕಾಣದಿದ್ದರೆ ಆ ಪೀಸು ಕೆಟ್ಟಿದೆ. ಆಗ ಮಾರಿದವರ ಮುಂದೆ ನಿಮ್ಮ ಮಾತಿಗೆ ಆಧಾರವಿರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿರುವಾಗ ಹಳೆಯ ಯಂತ್ರಕ್ಕೆ ದುಡ್ಡು ಸುರಿಯುವುದೇಕೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಜನರ ಹಣದ ವ್ಯವಹಾರ ನಡೆಯುವ ಕಂಪ್ಯೂಟರನ್ನು ಬದಲಿಸಲೇಬೇಕು. ಆದರೆ ಸಾಟಾ ಎಸ್‌ಎಸ್‌ಡಿಯನ್ನು ನಾಳೆ ಕೊಳ್ಳುವ ಡೆಸ್ಕ್‌ಟಾಪಿಗೂ ಸಾಮಾನ್ಯವಾಗಿ ಸಾಗಿಸಬಹುದು, ಅದಕ್ಕೆ ಹಾಕಿದ ದುಡ್ಡು ಯಂತ್ರದ ಜೊತೆ ಹೋಗುವುದಿಲ್ಲ.

ಆದ್ದರಿಂದ ಕೊಳ್ಳುವ ಮೊದಲೇ ಒಂದು ಕೆಲಸ ಮಾಡಿ. ವಿಂಡೋಸಿನ ಸಿಸ್ಟಮ್ ಇನ್ಫರ್ಮೇಷನ್ ತೆರೆದು, ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎಂಬ ಸಾಲಿನಲ್ಲಿರುವ ಮದರ್‌ಬೋರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ, ಈ ಬೋರ್ಡು ಯಾವ ಜಾತಿಯ ಎಸ್‌ಎಸ್‌ಡಿ ಒಪ್ಪುತ್ತದೆ ಎಂದು ಕೇಳಿಯೇ ಹಣ ಕೊಡಿ. ಬಿಲ್ಲನ್ನೂ ಸೀರಿಯಲ್ ನಂಬರಿನ ಫೋಟೋವನ್ನೂ ವಾರಂಟಿ ಮುಗಿಯುವವರೆಗೆ ಇಟ್ಟುಕೊಳ್ಳಿ.