ಒಲೆಯ ಹೊತ್ತಿಗೆ ತುಮಕೂರು: ಎರಡು ದಿನದ ರುಚಿ ಪ್ರವಾಸ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಊಟ-ತಿಂಡಿಗೆ ಗಡಿಯಾರವೂ ಇದೆ, ಪಂಚಾಂಗವೂ ಇದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬೆಳಗಿನದು, ಮುದ್ದೆ ನಡುಹಗಲಿನದು, ಸೊಗಡವರೆ ಚಳಿಗಾಲದ್ದು, ಚೇಳೂರಿನ ಕೆಂಪು ಹಲಸು ಮುಂಗಾರಿನ ಆಸುಪಾಸಿನದು. ನೋಡುವ ಜಾಗಗಳ ಪಟ್ಟಿ ಹಿಡಿದು ಹೊರಟವರು ಹನ್ನೊಂದು ಗಂಟೆಗೆ ಆರಿದ ಇಡ್ಲಿಯನ್ನೂ ನಾಲ್ಕು ಗಂಟೆಗೆ ಗಟ್ಟಿಯಾದ ಮುದ್ದೆಯನ್ನೂ ತಿಂದು ವಾಪಸಾಗುತ್ತಾರೆ. ಒಲೆ ಹೊತ್ತುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಗುಡಿ, ಕೆರೆ, ಬೆಟ್ಟಗಳನ್ನು ಅದರ ನಡುವಿನ ಬಿಡುವಿಗೆ ಹೊಂದಿಸಿಕೊಂಡರೆ ಎರಡು ದಿನ ಧಾರಾಳವಾಗಿ ಸಾಕು.

ಮೊದಲು ಕಾಲ ಗೊತ್ತುಮಾಡಿಕೊಳ್ಳುವುದು

ಡಿಸೆಂಬರ್, ಜನವರಿ ಅವರೆಕಾಯಿಯ ತಿಂಗಳು. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಏರುತ್ತದೆ ಎನ್ನುವುದು ಇಲ್ಲಿಯವರ ಅನುಭವ. ಕಾಯಿಯನ್ನು ಬೆರಳಲ್ಲಿ ಉಜ್ಜಿದಾಗ ಎಣ್ಣೆ ಹತ್ತಿದಂತಾಗಿ ಘಮ ಉಳಿದರೆ ಅದು ಸೊಗಡವರೆ. ಫೆಬ್ರವರಿಯಿಂದ ಹೊಸ ಹುಣಸೆಹಣ್ಣು ಮಾರುಕಟ್ಟೆಗೆ ಬರತೊಡಗುತ್ತದೆ. ಮಹಾಶಿವರಾತ್ರಿಯ ಸುತ್ತ ಸಿದ್ಧಗಂಗೆಯ ಜಾತ್ರೆ, ಜೊತೆಗೆ ದನಗಳ ಜಾತ್ರೆ. ಮೇ ಕೊನೆಯಿಂದ ಜುಲೈವರೆಗೆ ಹಲಸು. ಒಂದೇ ಸಲ ಬರುವವರಿಗೆ ಜನವರಿ ಮೇಲು. ಹಲಸಿಗಾಗಿಯೇ ಬರುವವರು ಜೂನ್ ಹಿಡಿಯಬೇಕು. ಎರಡೂ ಒಟ್ಟಿಗೆ ಸಿಗುವ ತಿಂಗಳು ಯಾವುದೂ ಇಲ್ಲ.

ಬೆಂಗಳೂರಿನಿಂದ ತುಮಕೂರು ಸುಮಾರು 70 ಕಿಲೋಮೀಟರ್. ರೈಲಿನಲ್ಲಿ ಬರುವವರು ತುಮಕೂರಿಗೆ ಮೊದಲೇ ಸಿಗುವ ಕ್ಯಾತ್ಸಂದ್ರ ನಿಲ್ದಾಣದಲ್ಲಿ ಇಳಿಯಬಹುದು. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿಕೊಂಡು ಹತ್ತಬೇಕು. ಎಂಟು ಗಂಟೆಯೊಳಗೆ ಕ್ಯಾತ್ಸಂದ್ರ ಮುಟ್ಟುವಂತೆ ಹೊರಡುವುದು ಮೊದಲ ದಿನದ ಮುಖ್ಯ ಕೆಲಸ. ದಾರಿಯಲ್ಲಿ ಬಿಸ್ಕತ್ತು, ಬಾಳೆಹಣ್ಣು ಎಂದು ಹೊಟ್ಟೆ ತುಂಬಿಸಿಕೊಳ್ಳಬಾರದು.

ತಟ್ಟೆ ಇಡ್ಲಿ: ನೋಡುವುದು, ಮೂಸುವುದು, ತಿನ್ನುವುದು

ತಟ್ಟೆ ಇಡ್ಲಿ ಎಂದರೆ ದೊಡ್ಡ ಇಡ್ಲಿ ಎಂದಷ್ಟೇ ತಿಳಿದವರಿದ್ದಾರೆ. ಅಗಲದ ಜೊತೆಗೆ ಹಿಟ್ಟೂ ಬೇರೆ. ಅಕ್ಕಿ, ಉದ್ದಿನ ಜೊತೆಗೆ ಅವಲಕ್ಕಿ ಅಥವಾ ಸಬ್ಬಕ್ಕಿ ನೆನೆಸಿ ರುಬ್ಬಿ ರಾತ್ರಿಯಿಡೀ ಹುದುಗಲು ಬಿಡುತ್ತಾರೆ. ಕುಳಿಯಿರುವ ಇಡ್ಲಿ ಪಾತ್ರೆಯ ಬದಲು ಅಂಚಿರುವ ಚಪ್ಪಟೆ ತಟ್ಟೆಗಳಿಗೆ ಹಿಟ್ಟು ಹೊಯ್ದು, ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಏರಿಸಿ ಹಬೆಗಿಡುತ್ತಾರೆ. ತಟ್ಟೆ ಅಗಲವಾಗಿದ್ದು ಹಿಟ್ಟು ತೆಳುವಾಗಿ ಹರಡಿರುವುದರಿಂದ ನಡುಭಾಗವೂ ಅಂಚೂ ಒಂದೇ ಹದದಲ್ಲಿ ಬೇಯುತ್ತವೆ. ಅವಲಕ್ಕಿ ನೀರು ಹಿಡಿದಿಟ್ಟುಕೊಂಡು ಮೆದುವಾಗಿಸುತ್ತದೆ. ಕ್ಯಾತ್ಸಂದ್ರದ ಹೆಸರಿನ ಬಲದ ಮೇಲೆಯೇ ಬೆಂಗಳೂರಿನ ಮೂಲೆಮೂಲೆಯಲ್ಲಿ ತಟ್ಟೆ ಇಡ್ಲಿಯ ಬೋರ್ಡುಗಳು ಎದ್ದಿವೆ. ಮೈಸೂರು ರಸ್ತೆಯ ಬಿಡದಿಯದು ಅದೇ ಕುಲದ ಇನ್ನೊಂದು ಮನೆತನ. ಯಾವುದು ಮೇಲು ಎಂಬ ವಾದ ಮುಗಿಯುವಂಥದ್ದಲ್ಲ.

ಹೋಟೆಲು ಆರಿಸುವಾಗ ಬೋರ್ಡಿಗಿಂತ ಹಬೆಯನ್ನು ನೋಡಬೇಕು. ತಟ್ಟೆಗಳು ಬಿಡುವಿಲ್ಲದೆ ಏರಿ ಇಳಿಯುತ್ತಿದ್ದರೆ ಇಡ್ಲಿ ಹೊಸದು. ಎದುರಿಗೆ ಬಂದ ಇಡ್ಲಿಯ ನಡುವೆ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಕುಳಿ ಬಿದ್ದು ಮತ್ತೆ ಮೇಲೇಳಬೇಕು. ಮುರಿದಾಗ ಒಳಗೆ ಸಣ್ಣ ಸಣ್ಣ ರಂಧ್ರ ಕಾಣಬೇಕು, ಹುಳಿಯ ವಾಸನೆ ತೆಳುವಾಗಿ ಬರಬೇಕು. ಬಣ್ಣ ಹಳದಿಗೆ ತಿರುಗಿ ಸಾಬೂನಿನಂಥ ವಾಸನೆ ಬಂದರೆ ಸೋಡಾ ಜಾಸ್ತಿಯಾಗಿದೆ, ಹಿಟ್ಟು ತಾನಾಗಿ ಹುದುಗಿಲ್ಲ. ಮೊದಲ ತುತ್ತನ್ನು ಚಟ್ನಿ ಮುಟ್ಟಿಸದೆ ತಿನ್ನುವುದು ಒಳ್ಳೆಯದು. ಅಕ್ಕಿಯ ಸಿಹಿಯೂ ಉದ್ದಿನ ಘಮವೂ ಆಗಷ್ಟೇ ತಿಳಿಯುತ್ತವೆ. ಎರಡನೆಯದಕ್ಕೆ ಬೆಣ್ಣೆ, ಅದು ಕರಗಿ ಇಡ್ಲಿಯೊಳಗೆ ಇಳಿಯುವಷ್ಟು ಹೊತ್ತು ಕೈ ತಡೆಯಬೇಕು. ಆಮೇಲೆ ಕಾಯಿಚಟ್ನಿ. ಸಾಂಬಾರು ಸುರಿದು ನೆನೆಸಿದರೆ ಈ ಇಡ್ಲಿಗೂ ಬೇರೆ ಇಡ್ಲಿಗೂ ಭೇದ ಉಳಿಯುವುದಿಲ್ಲ. ಹಸಿವಿದ್ದವರಿಗೂ ಎರಡು ಸಾಕು. ಮೂರನೆಯದನ್ನು ಕೇಳುವವರು ಮಧ್ಯಾಹ್ನದ ಊಟವನ್ನು ಮರೆತಿರುತ್ತಾರೆ.

ಮನೆಯಲ್ಲಿ ಮಾಡುವವರಿಗೆ ಲೆಕ್ಕ ಇಷ್ಟು: ಇಡ್ಲಿ ಅಕ್ಕಿ ಎರಡು ಲೋಟ, ಉದ್ದಿನಬೇಳೆ ಅರ್ಧ ಲೋಟ, ಅವಲಕ್ಕಿ ಅರ್ಧ ಲೋಟ, ಸಬ್ಬಕ್ಕಿ ಎರಡು ಚಮಚ. ನಾಲ್ಕೈದು ಗಂಟೆ ನೆನೆಸಿ ರುಬ್ಬಿ, ಎಂಟರಿಂದ ಹತ್ತು ಗಂಟೆ ಹುದುಗಿಸಿ, ಎಣ್ಣೆ ಸವರಿದ ತಟ್ಟೆಗೆ ಹೊಯ್ದು ಹತ್ತು-ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸುವುದು. ಚಳಿಗಾಲದಲ್ಲಿ ಹುದುಗಲು ಇನ್ನೂ ಹೊತ್ತು ಬೇಕು.

ಸಿದ್ಧಗಂಗೆಯ ಪಂಕ್ತಿ

ಕ್ಯಾತ್ಸಂದ್ರಕ್ಕೆ ತಾಗಿಕೊಂಡೇ ಸಿದ್ಧಗಂಗಾ ಮಠ. ತಿಂಡಿಯ ನಂತರ ಬೆಟ್ಟದ ಮೆಟ್ಟಿಲು ಹತ್ತಿ ಇಳಿದರೆ ಅರ್ಧ ಬೆಳಗು ಕಳೆಯುತ್ತದೆ, ಹಸಿವೂ ಮರಳುತ್ತದೆ. 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಇಲ್ಲಿನ ಉಚಿತ ವಸತಿ, ವಿದ್ಯೆ, ಅನ್ನದ ವ್ಯವಸ್ಥೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಸಾಲುವಷ್ಟು ಬೆಳೆಯಿತು. ಅವರು ಲಿಂಗೈಕ್ಯರಾದ ದಿನವನ್ನು ಸರ್ಕಾರ ದಾಸೋಹ ದಿನವೆಂದು ಆಚರಿಸುತ್ತದೆ.

ರುಚಿ ನೋಡುವ ಪ್ರವಾಸಿ ಇಲ್ಲಿ ತನ್ನ ನಾಲಗೆಯ ಚಪಲವನ್ನು ಚಪ್ಪಲಿಯ ಜೊತೆಗೆ ಹೊರಗೆ ಬಿಡಬೇಕು. ಪಂಕ್ತಿಯಲ್ಲಿ ಕೂತಾಗ ಬಡಿಸಿದ್ದನ್ನು ಉಣ್ಣುವುದು, ಬೇಕಾದಷ್ಟನ್ನೇ ಹಾಕಿಸಿಕೊಳ್ಳುವುದು, ತಟ್ಟೆಯಲ್ಲಿ ಬಿಡದಿರುವುದು, ಉಂಡ ತಟ್ಟೆಯನ್ನು ಎಲ್ಲರಂತೆ ಎತ್ತಿಕೊಂಡು ಹೋಗುವುದು. ಮಕ್ಕಳು ಉಣ್ಣುವಾಗ ಫೋಟೋ ತೆಗೆಯಬಾರದು. ಅಷ್ಟು ಜನಕ್ಕೆ ಒಂದೇ ಹದದಲ್ಲಿ ಸಾರು ಕುದಿಸುವುದು ದೊಡ್ಡ ಹೋಟೆಲಿನ ಅಡುಗೆಯವರಿಗೂ ಬಾರದ ವಿದ್ಯೆ; ಅದನ್ನು ಗಮನಿಸಿದರೆ ಸಾಕು, ಅಂಕ ಕೊಡಬೇಕಿಲ್ಲ. ಕೈಲಾದ ಕಾಣಿಕೆಯನ್ನು ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಬಹುದು.

ಪೇಟೆಯಲ್ಲಿ ಹುಣಸೆ

ತುಮಕೂರು ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆ. ಹಂಗಾಮಿನಲ್ಲಿ ಎಪಿಎಂಸಿ ಯಾರ್ಡಿನ ಹತ್ತಿರ ಹೋದರೆ ಗಾಳಿಯೇ ಹುಳಿ. ತರಕಾರಿ, ಸೊಪ್ಪಿಗೆ ಅಂತರಸನಹಳ್ಳಿ ಮಾರುಕಟ್ಟೆ. ಅಲ್ಲಿಗೆ ಬೆಳಗ್ಗೆ ಬೇಗ ಹೋಗಬೇಕು. ಹುಣಸೆ ಕೊಳ್ಳುವಾಗ ಬಣ್ಣ ನೋಡುವುದು ಮೊದಲ ಪಾಠ. ಹೊಸ ಹಣ್ಣು ಕೆಂಪು ಮಿಶ್ರಿತ ಕಂದು, ಹಳೆಯದು ಕಪ್ಪು. ಹೊಸದರಲ್ಲಿ ಹುಳಿ ಚುರುಕು, ಹಳೆಯದರಲ್ಲಿ ಅದು ಮಾಗಿ ಆಳಕ್ಕಿಳಿದಿರುತ್ತದೆ. ತಿಳಿಸಾರಿಗೆ ಹೊಸದು, ಗೊಜ್ಜು-ಪುಳಿಯೋಗರೆಗೆ ಹಳೆಯದು ಎಂದು ಅನುಭವಸ್ಥರು ಬೇರೆಬೇರೆಯಾಗಿಯೇ ಕಟ್ಟಿಸಿಕೊಳ್ಳುತ್ತಾರೆ. ಬೀಜ, ನಾರು ತೆಗೆದಿದೆಯೇ ಎಂದು ಉಂಡೆಯನ್ನು ಬಿಡಿಸಿ ನೋಡುವುದಕ್ಕೆ ಸಂಕೋಚಪಡಬೇಕಿಲ್ಲ.

ಗುಬ್ಬಿಯ ಕಡೆಗೆ: ತೆಂಗು, ಹಲಸು

ತುಮಕೂರಿನಿಂದ ತಿಪಟೂರು ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಗುಬ್ಬಿ. ರೈಲು ನಿಲ್ದಾಣವೂ ಇದೆ. ದಾರಿಯುದ್ದಕ್ಕೂ ತೆಂಗು-ಅಡಿಕೆಯ ತೋಟ. ಎಳನೀರು ಕುಡಿಯುವಾಗ ನೀರಿಗೋ ಗಂಜಿಗೋ ಎಂದು ಮಾರುವವರೇ ಕೇಳುತ್ತಾರೆ. ತುಂಬ ಎಳೆಯದು ನೀರಷ್ಟೇ, ಸ್ವಲ್ಪ ಬಲಿತದ್ದು ಸಿಹಿ ಹೆಚ್ಚು, ಗಂಜಿ ದಪ್ಪ. ಎರಡನ್ನೂ ಒಟ್ಟಿಗೆ ಕೊಚ್ಚಿಸಿಕೊಂಡು ಹೋಲಿಸಿ ಕುಡಿದರೆ ನಾಲಗೆ ತಾನೇ ಕಲಿಯುತ್ತದೆ.

ಗುಬ್ಬಿ ಎಂದರೆ ಹಳೆಯ ತಲೆಮಾರಿಗೆ ನಾಟಕ. ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು (1891–1972) ನಾಡಿಗೆಲ್ಲ ಕೊಂಡೊಯ್ದರು. ಆನೆ ಕುದುರೆಗಳನ್ನು ರಂಗಕ್ಕೆ ತಂದ ಕಂಪನಿ ಅದು. ರಾಜ್‌ಕುಮಾರ್ ಸಿನಿಮಾಗೆ ಹೋಗುವ ಮೊದಲು ಪಳಗಿದ್ದು ಅಲ್ಲೇ. ದೇವಸ್ಥಾನವನ್ನು ನೋಡಿಕೊಂಡು, ಸಂಜೆ ತುಮಕೂರಿಗೆ ಮರಳಿದಾಗ ವೀರಣ್ಣನವರ ಹೆಸರಿನ ಕಲಾಕ್ಷೇತ್ರದಲ್ಲಿ ನಾಟಕವಿದ್ದರೆ ಅದಕ್ಕೂ ಹೋಗಬಹುದು.

ಜೂನ್, ಜುಲೈನಲ್ಲಿ ಬಂದವರಿಗೆ ಗುಬ್ಬಿ ತಾಲ್ಲೂಕಿನ ದೊಡ್ಡ ಆಕರ್ಷಣೆ ಬೇರೆಯೇ. ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಮರವೊಂದರ ತಾಮ್ರಗೆಂಪು ತೊಳೆಯ ಹಣ್ಣನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಗುರುತಿಸಿತು; ‘ಸಿದ್ದು’ ಎಂಬ ಹೆಸರಿನಲ್ಲಿ ಅದರ ಕಸಿ ಗಿಡಗಳು ನಾಡಿನಾಚೆಗೂ ಹರಡಿದವು. ಹಣ್ಣು ಎರಡೂವರೆ ಕಿಲೋ ಆಸುಪಾಸಿನದು. ಒಂದು ಸಂಸಾರ ಒಂದೇ ಹೊತ್ತಿಗೆ ಮುಗಿಸಬಹುದಾದ ಗಾತ್ರ. ಹಲಸು ಎಂದರೆ ಹೊರಲಾರದ ಭಾರ ಎಂದು ದೂರ ಸರಿಯುತ್ತಿದ್ದ ಪಟ್ಟಣದವರಿಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ.

ಹಲಸಿನ ರುಚಿ ನೋಡುವವರು ಬೀದಿಬದಿಯ ರಾಶಿಯಲ್ಲಿ ಮೂರು ಬಗೆಯ ತೊಳೆ ಕೇಳಬೇಕು: ಹಳದಿ, ಕಿತ್ತಳೆ, ಕೆಂಪು. ಕೆಂಪನ್ನು ಚಂದ್ರ ಹಲಸು ಎನ್ನುತ್ತಾರೆ. ತಿನ್ನುವ ಕ್ರಮ ಹಳದಿಯಿಂದ ಕೆಂಪಿಗೆ. ತೊಳೆ ಹಲ್ಲಿಗೆ ಕರಕರ ಎನ್ನುತ್ತದೆಯೇ, ಬಾಯಲ್ಲಿ ಜಾರುತ್ತದೆಯೇ, ಸಿಹಿ ಮುಂದಾಗುತ್ತದೆಯೇ ಘಮ ಮುಂದಾಗುತ್ತದೆಯೇ ಎಂದು ನೋಡುತ್ತ ಹೋದರೆ ಭೇದ ಸ್ಪಷ್ಟವಾಗುತ್ತದೆ. ಇಡೀ ಹಣ್ಣು ಬಿಡಿಸುವವರು ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳದಿದ್ದರೆ ಅಂಟು ಸಂಜೆಯವರೆಗೂ ಬಿಡುವುದಿಲ್ಲ. ಹಸಿದು ಹಲಸು, ಉಂಡು ಮಾವು ಎಂಬ ಮಾತು ಪ್ರವಾಸದ ವೇಳಾಪಟ್ಟಿಗೂ ಸಲ್ಲುತ್ತದೆ: ಹಲಸು ಊಟಕ್ಕೆ ಮುಂಚೆ.

ಎರಡನೆಯ ದಿನ: ಕುಣಿಗಲ್ ದಾರಿ, ಮುದ್ದೆಯ ಊಟ

ರಾತ್ರಿ ತುಮಕೂರಿನಲ್ಲಿ ತಂಗಿ ಬೆಳಗ್ಗೆ ಕುಣಿಗಲ್ ರಸ್ತೆ ಹಿಡಿಯುವುದು. ಗೂಳೂರಿನ ದೊಡ್ಡ ಗಣಪ ದೀಪಾವಳಿಯ ನಂತರದ ದಿನಗಳಲ್ಲಿ ಮಾತ್ರ. ಪಕ್ಕದ ಕೈದಾಳದ ಚನ್ನಕೇಶವ ವರ್ಷವಿಡೀ ಇದ್ದಾನೆ. ಜಕಣಾಚಾರಿ ಕಳೆದುಕೊಂಡ ಕೈ ಮರಳಿ ಬಂದದ್ದು ಇಲ್ಲೇ ಎಂಬುದು ಊರಿನ ಕಥೆ. ಕುಣಿಗಲ್‌ಗೆ ಬಂದ ಮೇಲೆ ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಾದ ಕೆರೆಯ ಏರಿಯ ಮೇಲೆ ಒಂದು ನಡಿಗೆ. ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರಂ ಇರುವುದೂ ಇದೇ ಊರಲ್ಲಿ. ಮುಂಗಡ ಅನುಮತಿಯಿಲ್ಲದೆ ಒಳಹೋಗುವ ಲೆಕ್ಕ ಹಾಕಬಾರದು.

ಹಸಿವು ಗಟ್ಟಿಯಾದಾಗ, ಹನ್ನೆರಡೂವರೆಯ ಹೊತ್ತಿಗೆ, ಮುದ್ದೆ. ಈ ಸೀಮೆಯ ಸಾರುಗಳಲ್ಲಿ ಮೊದಲು ಕೇಳಬೇಕಾದದ್ದು ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು, ಆ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿದರೆ ಸಾರು. ಬಸಿದುಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಉಪ್ಸಾರಿನಲ್ಲಿ ಕಟ್ಟಿಗೆ ಉಪ್ಪು ಮಾತ್ರ, ಖಾರ ಪಕ್ಕದಲ್ಲಿ. ಎಷ್ಟು ಕಲಸಿಕೊಳ್ಳಬೇಕೆಂಬುದು ಉಣ್ಣುವವರ ಧೈರ್ಯಕ್ಕೆ ಬಿಟ್ಟದ್ದು. ಜನವರಿಯಲ್ಲಾದರೆ ಹಿತಕಿದ ಬೇಳೆ ಸಾರನ್ನು ಬಿಡಬಾರದು: ಅವರೆಕಾಳನ್ನು ನೆನೆಸಿ ಒಂದೊಂದನ್ನೇ ಹಿತಕಿ ಸಿಪ್ಪೆ ಬಿಡಿಸಬೇಕಾದ್ದರಿಂದ ಇದು ತಾಳ್ಮೆಯ ಅಡುಗೆ. ಮಾಂಸ ತಿನ್ನುವವರಿಗೆ ನಾಟಿ ಕೋಳಿ ಸಾರು.

ಮುದ್ದೆ ಚೆನ್ನಾಗಿದ್ದರೆ ಮೇಲ್ಮೈ ನುಣುಪಾಗಿ ಹೊಳೆಯುತ್ತದೆ, ಬೆರಳಿಗೆ ಹತ್ತುವುದಿಲ್ಲ, ಒಡೆದಾಗ ಒಳಗೆ ಹಸಿಹಿಟ್ಟಿನ ಗಂಟು ಕಾಣುವುದಿಲ್ಲ. ಬಿಸಿ ಇರುವಾಗಲೇ ಚಿಕ್ಕ ತುತ್ತು ಮುರಿದು, ಹೆಬ್ಬೆರಳಲ್ಲಿ ಗುಳಿ ಒತ್ತಿ, ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿದರೆ ಹಲ್ಲಿಗೆ ಮೆತ್ತುತ್ತದೆ, ಸಾರಿನ ರುಚಿಯೂ ಹಾಳು. ಮೊದಲ ಸಲದವರು ಅರ್ಧ ಮುದ್ದೆ ಹಾಕಿಸಿಕೊಂಡರೆ ಯಾರೂ ನಗುವುದಿಲ್ಲ. ಬಿಟ್ಟರೆ ಮಾತ್ರ ಮುಖ ನೋಡುತ್ತಾರೆ.

ಇನ್ನೂ ಹೊತ್ತಿದ್ದರೆ ಹಾಸನದ ಕಡೆಗೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಯಡಿಯೂರು, ಅಲ್ಲಿಯೂ ದಾಸೋಹವಿದೆ. ಅದೇ ತಾಲ್ಲೂಕಿನಲ್ಲಿ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ, ತುಂಬಿದಾಗ ತಾನಾಗಿ ನೀರು ಹೊರಹಾಕುವ ಸೈಫನ್ನಿಗೆ ಪ್ರಸಿದ್ಧ.

ವೈನ್ ಬೇಕೆನ್ನುವವರಿಗೆ

ಈ ಊರುಗಳಲ್ಲಿ ‘ವೈನ್ಸ್’ ಎಂದು ಬೋರ್ಡಿರುವ ಅಂಗಡಿಗಳಿಗೆ ಬರವಿಲ್ಲ, ಒಳಗೆ ವೈನಿಗೆ ಮಾತ್ರ ಬರ. ಕಪಾಟೆಲ್ಲ ವಿಸ್ಕಿ, ರಮ್ಮು. ಕರ್ನಾಟಕದ ದ್ರಾಕ್ಷಿ ವೈನಿನ ನೆಲೆ ನಂದಿಬೆಟ್ಟದ ತಪ್ಪಲು ಮತ್ತು ಉತ್ತರದ ವಿಜಯಪುರ, ಬಾಗಲಕೋಟೆ ಕಡೆ. ತುಮಕೂರಿನ ಹಳೆಯ ಪಾನೀಯ ತೆಂಗು, ಈಚಲಿನದು. ಆದರೆ 2004ರಿಂದ ರಾಜ್ಯದ ಬಹುಭಾಗದಲ್ಲಿ ಸೇಂದಿ ಇಳಿಸುವಂತಿಲ್ಲ. ಉಳಿದಿರುವುದು ಹುಳಿಯದ ನೀರಾ. ಸೂರ್ಯ ಏರಿದಂತೆ ಅದು ಹುದುಗತೊಡಗುವುದರಿಂದ ತಣ್ಣಗಿಟ್ಟು ಮಾರುವ ಅಧಿಕೃತ ಮಳಿಗೆಯದ್ದನ್ನೇ ಕುಡಿಯಬೇಕು.

ವೈನಿನ ಜೊತೆ ಊಟ ಹೊಂದಿಸಿ ನೋಡುವ ಕುತೂಹಲಿಗಳು ಆ ಪ್ರಯೋಗವನ್ನು ಮನೆಗೆ ಮರಳಿದ ಮೇಲೆ ಇಟ್ಟುಕೊಳ್ಳುವುದು ಕ್ಷೇಮ: ಮಠ-ಗುಡಿಗಳ ದಾರಿ, ಮೇಲಾಗಿ ಹೆದ್ದಾರಿ. ನಾಟಿ ಕೋಳಿ ಸಾರಿನ ಮೆಣಸಿನ ಘಾಟಿಗೆ ಶಿರಾಜ್‌ನಂಥ ಕೆಂಪು ವೈನ್ ನಿಲ್ಲುತ್ತದೆ, 16ರಿಂದ 18 ಡಿಗ್ರಿಯಲ್ಲಿ. ಬೆಣ್ಣೆ ಹಾಕಿದ ಇಡ್ಲಿಗೆ ಹುಳಿ ಚುರುಕಾದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್, 8ರಿಂದ 10 ಡಿಗ್ರಿಗೆ ತಣಿಸಿ. ಹುಣಸೆ ಗೊಜ್ಜಿನ ಮುಂದೆ ಯಾವ ವೈನೂ ಸಪ್ಪೆ. ಅದಕ್ಕೆ ಮಜ್ಜಿಗೆಯೇ ಸರಿ.

ಕಟ್ಟಿಕೊಂಡು ಹೋಗುವುದು

ಒಣಕೊಬ್ಬರಿ, ಹುಣಸೆ, ರಾಗಿ ಹಿಟ್ಟು ದಾರಿಯಲ್ಲಿ ಕೆಡುವುದಿಲ್ಲ. ಕೊಬ್ಬರಿ ಗಿಟುಕನ್ನು ಅಲ್ಲಾಡಿಸಿ, ಒಡೆಸಿ ನೋಡಿ, ಒಳಗೆ ಹಸಿರು ಬೂಷ್ಟಿಲ್ಲದ್ದನ್ನು ಆರಿಸಬೇಕು. ಹಲಸನ್ನು ಕಾರಿನ ಡಿಕ್ಕಿಯಲ್ಲಿಟ್ಟರೆ ಘಮ ವಾರಗಟ್ಟಲೆ ಉಳಿಯುತ್ತದೆ, ಗೋಣಿಯಲ್ಲಿ ಸುತ್ತುವುದು ಒಳ್ಳೆಯದು. ತಟ್ಟೆ ಇಡ್ಲಿ ಪಾರ್ಸೆಲ್ ಮಾಡಿಸುವವರು ಚಟ್ನಿ, ಬೆಣ್ಣೆಯನ್ನು ಬೇರೆ ಕಟ್ಟಿಸಿಕೊಳ್ಳಬೇಕು. ಮನೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಮೂರು ನಿಮಿಷ ಹಬೆ ಕೊಟ್ಟರೆ ಮೆದುವಾಗುತ್ತದೆ.