ಎಂಐಟಿ: ಮೊದಲು ಪದವಿಯ ನಿಯಮ ಓದಿ, ಆಮೇಲೆ ಅರ್ಜಿ ತುಂಬಿ

ನಮ್ಮ ಕಡೆ ಎಂಐಟಿ ಎಂದರೆ ಮೊದಲು ನೆನಪಾಗುವುದು ಮಣಿಪಾಲ. ನಾನು ಹೇಳಹೊರಟಿರುವುದು ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ, ಚಾರ್ಲ್ಸ್ ನದಿಯ ದಡದಲ್ಲಿರುವ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿಷಯ. ಮಲೆನಾಡಿನ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನ್ನ ಬಳಿಗೆ ವರ್ಷಕ್ಕೆ ಒಬ್ಬಿಬ್ಬರಾದರೂ ಆ ಅರ್ಜಿ ಹಿಡಿದು ಬರುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಸರ್, ಸ್ಕೋರ್ ಎಷ್ಟು ಬೇಕು?" ಅರ್ಜಿ ಹಾಕಿದ ನೂರು ಜನರಲ್ಲಿ ಐವರಿಗೂ ಸೀಟು ಸಿಗದ ಜಾಗ ಅದು, ಹೊರದೇಶದವರಿಗೆ ಇನ್ನೂ ಕಷ್ಟ. ಆದ್ದರಿಂದ ಆ ಪ್ರಶ್ನೆ ಸಹಜವೇ. ಆದರೂ ನಾನು ಅವರನ್ನು ಬೇರೆ ಕಡೆಯಿಂದ ಶುರುಮಾಡಿಸುತ್ತೇನೆ.

1. ಹಿಂದಿನ ಪುಟದಿಂದ ಓದಿ

ಒಳಗೆ ಹೋಗಲು ಏನು ಬೇಕು ಎಂದು ಕೇಳುವ ಮೊದಲು, ಪದವಿ ಪಡೆದು ಹೊರಬರಲು ಏನೇನು ಮುಗಿಸಿರಬೇಕು ಎಂಬುದನ್ನು ನೋಡಿ. ಕಂಪ್ಯೂಟರ್ ಸೈನ್ಸ್ ಓದಲಿ, ಅರ್ಥಶಾಸ್ತ್ರ ಓದಲಿ, ಅಲ್ಲಿ ಎಲ್ಲರಿಗೂ ಕಡ್ಡಾಯವಾದ ಒಂದು ಪಟ್ಟಿಯಿದೆ: ಕ್ಯಾಲ್ಕುಲಸ್ ಎರಡು, ಭೌತಶಾಸ್ತ್ರ ಎರಡು, ರಸಾಯನಶಾಸ್ತ್ರ ಒಂದು, ಜೀವಶಾಸ್ತ್ರ ಒಂದು. ಇವಲ್ಲದೆ ವಿಜ್ಞಾನ-ತಂತ್ರಜ್ಞಾನದ ಇನ್ನೆರಡು ವಿಷಯ, ಒಂದು ಪ್ರಯೋಗಾಲಯ. ಅದರ ಮೇಲೆ ಸಾಹಿತ್ಯ, ಕಲೆ, ಸಮಾಜವಿಜ್ಞಾನಗಳ ಎಂಟು ವಿಷಯ. ಎಂಟು! ಬರವಣಿಗೆಗೆ, ಮಾತಿಗೆ ಒತ್ತುಕೊಡುವ ನಾಲ್ಕು ವಿಷಯಗಳೂ ಓದಿನ ನಡುವೆ ಬಂದುಹೋಗಬೇಕು.

ಎರಡು ವರ್ಷದ ಹಿಂದೆ ಪಿಸಿಎಂಸಿ ಓದುತ್ತಿದ್ದ ಹುಡುಗಿಯೊಬ್ಬಳು ಈ ಪಟ್ಟಿ ನೋಡಿ ಮುಖ ಸಣ್ಣ ಮಾಡಿದಳು. "ಬಯಾಲಜಿ ಬಿಡಬೇಕು ಅಂತಾನೇ ನಾನು ಈ ಕಾಂಬಿನೇಷನ್ ತಗೊಂಡಿದ್ದು ಸರ್." ಹಾಗಿದ್ದರೆ ಅದು ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂದೆ. ಆ ಪಟ್ಟಿ ಎಂಥವರಿಗಾಗಿ ಮಾಡಿದ್ದೋ, ಅರ್ಜಿಗಳ ರಾಶಿಯಲ್ಲಿ ಅವರು ಹುಡುಕುವುದೂ ಅಂಥವರನ್ನೇ. ಒಂದೇ ವಿಷಯದಲ್ಲಿ ಮುಳುಗಿ ಉಳಿದದ್ದನ್ನೆಲ್ಲ ತಾತ್ಸಾರ ಮಾಡುವವರಿಗೆ ಆ ನಾಲ್ಕು ವರ್ಷ ಹಿಂಸೆಯಾಗುತ್ತದೆ.

2. ಪರೀಕ್ಷೆಯನ್ನು ಬೇಗ ಮುಗಿಸಿ

ಎಸ್‌ಎಟಿ ಅಥವಾ ಎಸಿಟಿ ಕಡ್ಡಾಯ. ಕೋವಿಡ್ ಕಾಲದಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು 2022ರಲ್ಲಿ ಹಿಂದಕ್ಕೆ ಪಡೆದರು. ಸಿಇಟಿ ರ‍್ಯಾಂಕ್ ಅದರ ಜಾಗ ತುಂಬುವುದಿಲ್ಲ. ಗಣಿತದ ಭಾಗದಲ್ಲಿ ತಪ್ಪು ಕಡಿಮೆಯಿರಲಿ. ಒಳ್ಳೆಯ ಅಂಕ ಬಂದ ಮೇಲೆ ಇನ್ನೂ ಹತ್ತಿಪ್ಪತ್ತು ಅಂಕದ ಆಸೆಗೆ ಮತ್ತೆ ಮತ್ತೆ ಬರೆಯುತ್ತ ಕೂರಬೇಡಿ.

3. ಕನ್ನಡ ಮೇಷ್ಟ್ರ ಹತ್ತಿರ ಹೋಗಿ

ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ ಬೇಕು. ಒಂದು ಗಣಿತ ಅಥವಾ ವಿಜ್ಞಾನದವರದು. ಇನ್ನೊಂದು ಮಾನವಿಕ, ಸಮಾಜವಿಜ್ಞಾನ ಅಥವಾ ಭಾಷೆ ಕಲಿಸುವವರದು. ನಮ್ಮ ವಿಜ್ಞಾನದ ಮಕ್ಕಳು ತಪ್ಪುವುದು ಈ ಎರಡನೆಯ ಪತ್ರದಲ್ಲೇ. ಭಾಷೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಜೆಇಇ ಲೆಕ್ಕ ಬಿಡಿಸಿರುತ್ತಾರೆ. ಪತ್ರ ಬೇಕಾದಾಗ ಅವರ ಹೆಸರೇ ಮೇಷ್ಟ್ರಿಗೆ ನೆನಪಿರುವುದಿಲ್ಲ.

ಆ ಪಿಸಿಎಂಸಿ ಹುಡುಗಿ ಹಾಗಿರಲಿಲ್ಲ. ಅವಳಿಗಾಗಿ ನಮ್ಮ ಕನ್ನಡ ಉಪನ್ಯಾಸಕರು ಬರೆದ ಪತ್ರವನ್ನು ನಾನು ಓದಿದ್ದೇನೆ. ಅದರಲ್ಲಿ "ಬುದ್ಧಿವಂತೆ, ಶಿಸ್ತಿನ ವಿದ್ಯಾರ್ಥಿನಿ" ಎಂಬಂಥ ಮಾತು ಒಂದೂ ಇರಲಿಲ್ಲ. ಇದ್ದದ್ದು ಒಂದೇ ಘಟನೆ. ಕಂದಪದ್ಯದಲ್ಲಿ ಸಾಲುಗಳಿಗೆ ಕ್ರಮವಾಗಿ 12, 20, 12, 20 ಮಾತ್ರೆ, ಒಟ್ಟು 64. ಛಂದಸ್ಸಿನ ಪಾಠ ನಡೆಯುವಾಗ ಇವಳು ಒಂದು ಗೈಡಿನಲ್ಲಿದ್ದ ಪದ್ಯಕ್ಕೆ ಪ್ರಸ್ತಾರ ಹಾಕಿದ್ದಾಳೆ. ನಾಲ್ಕನೆಯ ಸಾಲಿಗೆ ಹತ್ತೊಂಬತ್ತೇ ಬಂದಿದೆ. ಮೂರು ಸಲ ಎಣಿಸಿದ್ದಾಳೆ. ಆಮೇಲೆ ಸ್ಟಾಫ್ ರೂಮಿಗೆ ಬಂದು, "ಸರ್, ಇಲ್ಲೊಂದು ದೀರ್ಘ ಬಿಟ್ಟುಹೋಗಿರಬೇಕು" ಅಂದಿದ್ದಾಳೆ. ಮೇಷ್ಟ್ರು ಮನೆಯಲ್ಲಿದ್ದ ಹಳೆಯ ಮುದ್ರಣ ತೆಗೆದು ನೋಡಿದರೆ ಅವಳು ಬೆರಳಿಟ್ಟ ಜಾಗದಲ್ಲೇ ದೀರ್ಘವಿತ್ತು. ಅವರು ಕನ್ನಡದಲ್ಲೇ ಪತ್ರ ಬರೆದರು. ಇಂಗ್ಲಿಷ್ ಉಪನ್ಯಾಸಕಿ ಒಂದು ಭಾನುವಾರ ಪೂರ್ತಿ ಕೂತು ಅನುವಾದಿಸಿದರು. ನಾನು ಬರೆದ ಭೌತಶಾಸ್ತ್ರದ ಪತ್ರಕ್ಕಿಂತ ಅದು ಎಷ್ಟೋ ಪಾಲು ಮೇಲು.

ಪತ್ರ ಕೇಳುವಾಗ ಕನಿಷ್ಠ ಒಂದು ತಿಂಗಳ ಸಮಯ ಕೊಡಿ. ನಿಮ್ಮನ್ನು ನಿಜವಾಗಿ ಬಲ್ಲವರನ್ನೇ ಕೇಳಿ. ದೊಡ್ಡ ಹುದ್ದೆಯವರ ಪರಿಚಯ ಇಲ್ಲಿ ಕೆಲಸಕ್ಕೆ ಬಾರದು.

4. ನಾಲ್ಕೇ ಚಟುವಟಿಕೆ, ಅದೂ ನಿಮ್ಮವೇ

ಪಠ್ಯೇತರ ಚಟುವಟಿಕೆಗೆ ಅರ್ಜಿಯಲ್ಲಿರುವುದು ನಾಲ್ಕು ಜಾಗ ಮಾತ್ರ. ಸರ್ಟಿಫಿಕೇಟುಗಳ ಕಂತೆ ಕಟ್ಟುವವರಿಗೆ ಅಲ್ಲಿ ಎಡೆಯಿಲ್ಲ. ಅಪ್ಪನ ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಫೋನಿನಿಂದ ಚಾಲೂ ಮಾಡುವ ಸ್ವಿಚ್ ಜೋಡಿಸಿದ್ದೀರಾ? ಬರೆಯಿರಿ. ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುತ್ತೀರಾ? ಬರೆಯಿರಿ. ಅಜ್ಜಿಯನ್ನು ನೋಡಿಕೊಳ್ಳುವುದರಲ್ಲೇ ಸಂಜೆ ಕಳೆಯುತ್ತದೆಯೇ? ಅದನ್ನೂ ಬರೆಯಿರಿ.

5. ಪ್ರಬಂಧ ಚಿಕ್ಕದು, ಆದ್ದರಿಂದಲೇ ಕಷ್ಟ

ಒಂದೇ ಉದ್ದ ಪ್ರಬಂಧದ ಬದಲು ನೂರಿನ್ನೂರು ಪದಗಳ ಹಲವು ಉತ್ತರ ಕೇಳುತ್ತಾರೆ. ಅದರಲ್ಲೊಂದು, ಬರೀ ಸಂತೋಷಕ್ಕೆ ನೀವೇನು ಮಾಡುತ್ತೀರಿ ಎಂಬ ಪ್ರಶ್ನೆ. ಹಣ ಕೊಟ್ಟು ಬರೆಸಿದ ಉತ್ತರ ಎಲ್ಲರದೂ ಒಂದೇ ಥರ ಇರುತ್ತದೆ. ಮೊದಲು ಕನ್ನಡದಲ್ಲಿ, ಮನೆಯವರಿಗೆ ಹೇಳುವಂತೆ ಬರೆದುಕೊಳ್ಳಿ. ಹೇಳಬೇಕಾದ್ದು ಏನೆಂಬುದು ಖಚಿತವಾದ ಮೇಲೆ ಇಂಗ್ಲಿಷಿನಲ್ಲಿ ಕೂರಿ.

6. ಕಾಗದಪತ್ರದ ಕೆಲಸಕ್ಕೆ ಪ್ರಾಂಶುಪಾಲರನ್ನು ಜೂನ್‌ನಲ್ಲೇ ಕಾಣಿ

ಅಮೆರಿಕದ ಶಾಲೆಗಳಲ್ಲಿ ಈ ಕೆಲಸಕ್ಕೆ ಕೌನ್ಸೆಲರ್ ಇರುತ್ತಾರೆ. ನಮ್ಮಲ್ಲಿ ಅದು ಪ್ರಾಂಶುಪಾಲರ ತಲೆಗೆ ಬರುತ್ತದೆ. ಕಾಲೇಜಿನ ವರದಿ, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಅಂಕಪಟ್ಟಿಗಳು, ಎಲ್ಲ ಅವರ ಮೂಲಕವೇ ಹೋಗಬೇಕು. ಮೊದಲ ಸುತ್ತಿನ ಕೊನೆಯ ದಿನ ನವೆಂಬರ್ 1. ಎರಡನೆಯದು ಜನವರಿಯ ಮೊದಲ ವಾರದಲ್ಲಿ. ಅರ್ಜಿ ಹಾಕಿದ ಮೇಲೂ ಕೆಲಸ ಮುಗಿಯುವುದಿಲ್ಲ: ಫೆಬ್ರವರಿಯಲ್ಲಿ ಮಧ್ಯವಾರ್ಷಿಕ ಅಂಕಗಳ ಫಾರಂ ತುಂಬಬೇಕು. ಪ್ರಿಪರೇಟರಿ ಪರೀಕ್ಷೆಯ ಗಡಿಬಿಡಿಯಲ್ಲಿ ಅದನ್ನು ಮರೆಯುವವರಿದ್ದಾರೆ. ಹಳೆಯ ವಿದ್ಯಾರ್ಥಿಯೊಬ್ಬರು ಸಂದರ್ಶನಕ್ಕೆ ಕರೆದರೆ ಹೋಗಿ ಮಾತಾಡಿ. ಕರೆಯದಿದ್ದರೆ ಅದರಿಂದ ನಷ್ಟವಿಲ್ಲ.

7. ದುಡ್ಡಿನ ಹೆದರಿಕೆಯಿಂದ ಹಿಂಜರಿಯಬೇಡಿ

ಇದನ್ನು ನಾನು ಅಪ್ಪ ಅಮ್ಮಂದಿರಿಗೇ ಕೂರಿಸಿ ಹೇಳುತ್ತೇನೆ. ಸೀಟು ಕೊಡುವಾಗ ಮನೆಯ ಆರ್ಥಿಕ ಸ್ಥಿತಿಯನ್ನು ಅವರು ನೋಡುವುದಿಲ್ಲ, ಹೊರದೇಶದವರಿಗೂ ಇದೇ ನಿಯಮ. ಸೀಟು ಕೊಟ್ಟ ಮೇಲೆ ಕುಟುಂಬದ ಶಕ್ತಿಗೆ ಮೀರಿದ್ದಷ್ಟನ್ನೂ ಅವರೇ ತುಂಬಿಕೊಡುತ್ತಾರೆ. 2025ರಿಂದ, ವರ್ಷಕ್ಕೆ 2 ಲಕ್ಷ ಡಾಲರಿಗಿಂತ ಕಡಿಮೆ ವರಮಾನ, ಅದಕ್ಕೆ ತಕ್ಕಷ್ಟೇ ಆಸ್ತಿ ಇರುವ ಮನೆಯವರಿಗೆ ಬೋಧನಾ ಶುಲ್ಕವಿಲ್ಲ. 1 ಲಕ್ಷದೊಳಗಿದ್ದರೆ ಊಟ, ವಸತಿಯ ಖರ್ಚೂ ಇಲ್ಲ. ಅರ್ಜಿ ಶುಲ್ಕ 75 ಡಾಲರ್ ಹೊರೆಯಾದರೆ ಮನ್ನಾ ಕೇಳಬಹುದು. ಎರಡೆಕರೆ ಗದ್ದೆ ಅಡವಿಡುವ ಮಾತನ್ನು ಯಾರೂ ಆಡಬೇಕಾಗಿಲ್ಲ.

8. ಈಜು ಕಲಿಯಿರಿ

ಪದವಿ ಬೇಕಾದರೆ ದೈಹಿಕ ಶಿಕ್ಷಣದ ನಾಲ್ಕು ತರಗತಿ ಮುಗಿಸಬೇಕು, 100 ಗಜ ಈಜಿ ತೋರಿಸಬೇಕು. ಬಾರದವರಿಗೆ ಅಲ್ಲೇ ಕಲಿಸುತ್ತಾರೆ. ತುಂಗೆಯಲ್ಲಿ ಬಿದ್ದು ಎದ್ದು ಬೆಳೆದ ನಮ್ಮ ಹುಡುಗರಿಗೆ ಇದು ಏನೂ ಅಲ್ಲ. ಹೆಣ್ಣುಮಕ್ಕಳನ್ನೂ ನೀರಿಗಿಳಿಸಿ ಎಂದು ಪ್ರತಿವರ್ಷ ಹೇಳುತ್ತೇನೆ, ಎಂಐಟಿಗೆ ಹೋಗದವರಿಗೂ.

9. ವಾರದ ಗಂಟೆ ಎಣಿಸಲು ಕಲಿಯಿರಿ

ಅಲ್ಲಿನ ಸಾಮಾನ್ಯ ವಿಷಯವೊಂದಕ್ಕೆ 12 ಯೂನಿಟ್. ಅಂದರೆ ತರಗತಿ, ಪ್ರಯೋಗ, ಮನೆಯಲ್ಲಿ ಕೂತು ಮಾಡುವ ಕೆಲಸ ಎಲ್ಲ ಸೇರಿ ವಾರಕ್ಕೆ ಸುಮಾರು 12 ಗಂಟೆ. ಅಂಥ ನಾಲ್ಕು ವಿಷಯ ತೆಗೆದುಕೊಂಡರೆ 48 ಗಂಟೆ ಹೋಯಿತು. ಎಲ್ಲರಿಗೂ ಸಾಮಾನ್ಯವಾದ ಆ ಪಟ್ಟಿಯ ಹೊರಗೆ 180ರಿಂದ 198 ಯೂನಿಟ್ ಮುಗಿಸಬೇಕು. ಒಂದು ಸಮಾಧಾನವಿದೆ: ಮೊದಲ ಸೆಮಿಸ್ಟರಿನಲ್ಲಿ ಗ್ರೇಡ್ ಇಲ್ಲ. ಪಾಸಾದರೆ ಪಾಸು, ಆಗದಿದ್ದರೆ ಹೊರಗಿನವರಿಗೆ ಕೊಡುವ ಅಂಕಪಟ್ಟಿಯಲ್ಲಿ ಆ ವಿಷಯ ಕಾಣುವುದೇ ಇಲ್ಲ. ಊರಿಗೇ ಮೊದಲಿಗರಾಗಿ ಬೆಳೆದು, ಅಲ್ಲಿ ಮೊದಲ ಸಲ ಎಡವುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ವ್ಯವಸ್ಥೆ ಮಾಡಿದಂತಿದೆ.

10. ಮೊದಲ ವರ್ಷವೇ ಲ್ಯಾಬಿನ ಬಾಗಿಲು ತಟ್ಟಿ

ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ತೊಡಗಿಸುವ ಯುರೋಪ್ (UROP) ಎಂಬ ಯೋಜನೆ 1969ರಲ್ಲಿ ಅಲ್ಲಿ ಶುರುವಾಯಿತು. ಕಟ್ಟಿದವರು ಮಾರ್ಗರೆಟ್ ಮ್ಯಾಕ್‌ವಿಕರ್. ಪದವಿಗೆ ಇದು ಕಡ್ಡಾಯವಲ್ಲ. ಆದರೂ ಇದನ್ನು ಬಿಟ್ಟವರು ತೀರ ಕಡಿಮೆ.

11. ಮನೆ ಹತ್ತಿರದ ಬಾಗಿಲನ್ನೂ ತೆರೆದಿಡಿ

ಸಿಇಟಿ, ಜೆಇಇ ಬಿಡಬೇಡಿ. ಎಂಐಟಿಯ ಪಾಠಗಳು ಓಪನ್‌ಕೋರ್ಸ್‌ವೇರ್‌ನಲ್ಲಿ ಎಲ್ಲರಿಗೂ ಉಚಿತ. ಸೀಟು ಸಿಗದಿದ್ದರೂ ಅವನ್ನು ನೋಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಬಿಎಸ್ ಪದವಿಯಿದೆ. ಅಲ್ಲೂ ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಎಲ್ಲ ವಿಜ್ಞಾನ ಓದಬೇಕು, ಮಾನವಿಕ ವಿಷಯವನ್ನೂ ಓದಬೇಕು. ಮುಖ್ಯ ವಿಷಯ ಆರಿಸಿಕೊಳ್ಳುವುದು ಅದರ ನಂತರ. ಕೊನೆಯ ವರ್ಷ ಸಂಶೋಧನೆ.

ಕಂದಪದ್ಯದ ಹುಡುಗಿ ಎರಡೂ ಕಡೆ ಅರ್ಜಿ ಹಾಕಿದ್ದಳು. ಈಗ ಬೆಂಗಳೂರಿನಲ್ಲಿದ್ದಾಳೆ. ಹೋದ ಭಾನುವಾರ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು, ಅಷ್ಟೂ ಹೊತ್ತು ಬಯಾಲಜಿ ಲ್ಯಾಬಿನ ಸುದ್ದಿಯೇ.